ನೀಲಿ ಹುಲಿಯ ಅಷ್ಟಮಿ

ತಪ್ಪೆಲ್ಲ ಆ ಕ್ಯಾಲೆಂಡರಿನದು. ಮಣಿಪಾಲದ ಆಫೀಸಿನಲ್ಲಿ ಹೃಷೀಕೇಶನ ಮೇಜಿನ ಎದುರಿಗೇ ತೂಗುತ್ತಿದ್ದ ಅದು, ಎಂಬತ್ತೆರಡನೆಯ ಇಸವಿಯ ಆಗಸ್ಟ್ ಹನ್ನೆರಡನ್ನು ಕೆಂಪಕ್ಷರದಲ್ಲಿ ತೋರಿಸಿ ಕೆಳಗೆ ‘ಕೃಷ್ಣಾಷ್ಟಮಿ’ ಎಂದಿತ್ತು. ಕೆಲವು ವರ್ಷ ಸರಕಾರದ ಅಷ್ಟಮಿ ಮೊದಲೇ ಬಂದು ಹೋಗುತ್ತದೆ, ಉಡುಪಿಯದು ಸೌರ ಪಂಚಾಂಗ ನೋಡಿಕೊಂಡು ಒಂದು ತಿಂಗಳು ತಡವಾಗಿ ಬರುತ್ತದೆ ಎಂಬುದು ಇಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಉಡುಪಿಯಲ್ಲಿ ಹುಟ್ಟಿದವನು ಮಾಡುವ ತಪ್ಪಲ್ಲ ಇದು. ಮಗಳ ಮುಖ ನೋಡದೆ ಐದು ತಿಂಗಳಾದ ಅಪ್ಪ ಮಾಡುವ ತಪ್ಪು.

ಎರಡು ವರ್ಷದ ಹಿಂದೆ ಅವನೂ ಹೆಂಡತಿ ಸುಭಾಷಿಣಿಯೂ ಬೇರೆಯಾದಾಗ ಹಿರಿಯರು ಕೂತು ಹಬ್ಬಗಳನ್ನು ಹಲಸಿನ ಹಣ್ಣಿನ ಹಾಗೆ ಪಾಲು ಮಾಡಿದ್ದರು. ಚೌತಿ, ನವರಾತ್ರಿ, ದೀಪಾವಳಿ ಕಾರ್ಕಳದಲ್ಲಿ ಟೀಚರಾಗಿದ್ದ ಅಮ್ಮನ ಪಾಲಿಗೆ. ಯುಗಾದಿ ಮತ್ತು ಅಷ್ಟಮಿ ಅಪ್ಪನಿಗೆ. ಹೋದ ವರ್ಷದ ಅಷ್ಟಮಿಯನ್ನು ಮಗಳ ಜ್ವರ ನುಂಗಿತ್ತು. ಈ ಸಲ ಏಳು ವರ್ಷದ ನಳಿನಿ ಕಾರ್ಡು ಬರೆದಿದ್ದಳು: ‘ಅಪ್ಪ, ಹುಲಿವೇಷ ನೋಡುತ್ತೇನೆಂದು ಕ್ಲಾಸಿನಲ್ಲಿ ಎಲ್ಲರಿಗೂ ಹೇಳಿದ್ದೇನೆ.’

ಬೆಳಿಗ್ಗೆಯ ಬಸ್ಸಿಗೆ ಕಾರ್ಕಳಕ್ಕೆ ಹೋಗಿ, ಮಗಳನ್ನು ಕರೆದುಕೊಂಡು ಅವನು ಉಡುಪಿಯ ತನ್ನ ವಠಾರಕ್ಕೆ ಬಂದಾಗ ಒಂಬತ್ತು ಗಂಟೆ. ಜಗಲಿಯಲ್ಲಿ ವಠಾರದ ಯಜಮಾನರಾದ ವಿಷ್ಣುಮೂರ್ತಿ ಭಟ್ಟರು ಬಿಸಿ ಇಡ್ಲಿ ಮುರಿಯುತ್ತಿದ್ದರು.

“ಅಜ್ಜ, ಅಷ್ಟಮಿ ದಿನ ನೀವು ತಿನ್ನಬಹುದಾ?” ಎಂದಳು ನಳಿನಿ.

“ಅಷ್ಟಮಿಯಾ? ಅದು ಇನ್ನೂ...” ಎಂದು ಭಟ್ಟರು ಬಾಯಿ ತೆರೆದರು. ಆಗ ಹೃಷೀಕೇಶನ ತಲೆಗೆ ಹೊಳೆಯಿತು. ಓಣಿಯ ಒಂದು ಮನೆಯಿಂದಲೂ ಚಕ್ಕುಲಿ ಕರಿಯುವ ಪರಿಮಳವಿಲ್ಲ! ಮಗಳನ್ನು ಒಳಗೆ ಕೂರಿಸಿ, ಭಟ್ಟರನ್ನು ಇಡ್ಲಿ ಸಮೇತ ಬಾವಿಕಟ್ಟೆಗೆ ಎಳೆದುಕೊಂಡು ಹೋದ.

“ತಲೆ ಸರಿ ಉಂಟಾ ಮಾರಾಯ ನಿನಗೆ? ಅಷ್ಟಮಿಗೆ ಇನ್ನೂ ಒಂದು ತಿಂಗಳು ಉಂಟು!”

“ಭಟ್ರೇ, ದಮ್ಮಯ್ಯ. ಅಪ್ಪನಿಗೆ ಹಬ್ಬ ಯಾವತ್ತು ಅಂತ ಕೂಡ ಗೊತ್ತಿಲ್ಲ ಅಂತ ಆಗ್ತದೆ. ಹುಲಿ ಇಲ್ಲ ಅಂದ್ರೆ ಅಳ್ತಾಳೆ, ಅಳುತ್ತಲೇ ವಾಪಸು ಹೋಗ್ತಾಳೆ. ಇನ್ನು ಯುಗಾದಿವರೆಗೆ ನನಗಿರುವುದು ಇದೊಂದೇ ದಿನ.”

ಭಟ್ಟರು ಇಡ್ಲಿಯನ್ನು ನೋಡಿದರು, ಅವನನ್ನು ನೋಡಿದರು. “ಸುಳ್ಳು ಹೇಳಲಿಕ್ಕೆ ನನ್ನಿಂದ ಆಗುವುದಿಲ್ಲ. ಬೇಕಾದರೆ ಉಪವಾಸ ಕೂರ್ತೇನೆ. ಅದಕ್ಕೆ ಪಂಚಾಂಗ ಕೇಳಬೇಕು ಅಂತ ಇಲ್ಲ,” ಎಂದು ತಟ್ಟೆಯನ್ನು ದನದ ಮುಂದಿಟ್ಟರು. ಕೈ ಮಾತ್ರ ತಟ್ಟೆಯನ್ನು ಬಿಡಲಿಕ್ಕೆ ಸ್ವಲ್ಪ ಹೊತ್ತು ತೆಗೆದುಕೊಂಡಿತು.

ನೀರು ಸೇದುತ್ತಿದ್ದ ನೆರೆಮನೆಯ ಬೆನೆಡಿಕ್ಟಾ ಬಾಯಮ್ಮನ ಕಿವಿ ಬಾವಿಯೊಳಗೆ ಇರಲಿಲ್ಲ. “ಚಕ್ಕುಲಿ ತಾನೇ? ನಾವು ಕ್ರಿಸ್ಮಸ್‌ಗೆ ಮಾಡುವುದಿಲ್ವಾ? ಒತ್ತುವ ಒರಳು ಅಟ್ಟದಲ್ಲಿ ಉಂಟು, ಈಗ ಇಳಿಸ್ತೇನೆ,” ಎಂದರು. ಒರಳಿನ ಜೊತೆಗೆ ಕ್ರಿಸ್ಮಸ್ಸಿನ ಕಾಗದದ ನಕ್ಷತ್ರವೂ ಇಳಿದು, ಹೃಷೀಕೇಶನ ಬಾಗಿಲಿಗೆ ನೇತುಬಿತ್ತು.

“ಇದು ಎಂತಕ್ಕೆ ಬಾಯಮ್ಮ?” ಎಂದು ಅವನು ಗಾಬರಿಯಾದ.

“ಕೃಷ್ಣ ಹುಟ್ಟುವಾಗ ನಕ್ಷತ್ರ ಇರಲಿಲ್ವಾ? ಭಟ್ಟರನ್ನು ಕೇಳಿ.”

“ರೋಹಿಣಿ,” ಎಂದರು ಭಟ್ಟರು ಕ್ಷೀಣ ಸ್ವರದಲ್ಲಿ. ಅದು ಸುಳ್ಳಲ್ಲವಲ್ಲ.

ಹುಲಿಯ ಭಾರ ಹೊತ್ತವನು ಕೊನೆಯ ಕೋಣೆಯ ಲೀಲಾಧರ. ಕಾಪುವಿನ ದೋಣಿಗಳಲ್ಲಿ ದುಡಿಯುವವನು, ಪ್ರತಿವರ್ಷ ಹುಲಿ ಕಟ್ಟುವವನು. ಆದರೆ ಹುಲಿಯ ಹಳದಿ ಬಣ್ಣ ಇನ್ನೂ ತಂದಿರಲಿಲ್ಲ. ಇದ್ದದ್ದು ದೋಣಿಗೆ ಬಳಿದು ಉಳಿದ ಒಂದು ಡಬ್ಬ ನೀಲಿ.

“ನೀಲಿ ಹುಲಿ ಎಲ್ಲಿಯಾದರೂ ಉಂಟಾ?” ಎಂದ ಹೃಷೀಕೇಶ.

“ಇಲ್ಲದ ಅಷ್ಟಮಿಗೆ ಇಲ್ಲದ ಹುಲಿ, ಸರಿಯಾಗ್ತದೆ ಅಣ್ಣ,” ಎಂದು ಲೀಲಾಧರ ಅಂಗಿ ಕಳಚಿದ.

ಮಧ್ಯಾಹ್ನ ಮಳೆ ಬಿಟ್ಟದ್ದೇ ತಡ, ಸೀಮೆಎಣ್ಣೆ ಡಬ್ಬದ ತಾಸೆಯ ಬಡಿತಕ್ಕೆ ನೀಲಿ ಹುಲಿ ಅಂಗಳಕ್ಕೆ ಹಾರಿತು. ಭಟ್ಟರ ದನ ಹಗ್ಗ ಕಿತ್ತುಕೊಂಡು ಬೇಲಿ ದಾಟಿತು. ಡಬ್ಬ ಬಡಿಯುತ್ತಿದ್ದ ಬಾಯಮ್ಮನ ಬಾಣಲೆಯಲ್ಲಿ ಒಂದು ಸುತ್ತು ಚಕ್ಕುಲಿ ಕಪ್ಪಾಯಿತು. ದಾರಿಯಲ್ಲಿ ಹೋಗುತ್ತಿದ್ದ ಅಂಚೆಯವನು ಸೈಕಲ್ ನಿಲ್ಲಿಸಿ, “ಎಂತದು, ಅಷ್ಟಮಿ ಬರುವ ತಿಂಗಳು ಅಲ್ವಾ?” ಎಂದು ಕೂಗುವುದರೊಳಗೆ, ಹಸಿದ ಭಟ್ಟರು ಅವನ ಬಾಯಿಗೆ ಬಾಯಮ್ಮ ಕಟ್ಟಿಟ್ಟ ಒಂದು ಉಂಡೆ ತುರುಕಿದರು. ಮಾತು ಉಂಡೆಯ ಜೊತೆ ಹೊಟ್ಟೆಗೆ ಹೋಯಿತು.

“ಹುಲಿ ಯಾಕೆ ನೀಲಿ, ಅಪ್ಪ?”

ಹುಲಿಯೇ ಆಟ ನಿಲ್ಲಿಸಿ, “ನಾನು ಕಾಪುವಿನ ಹುಲಿ ಅಲ್ವಾ ಪುಟ್ಟಿ? ಸಮುದ್ರದಿಂದ ಬಂದದ್ದು,” ಎಂದಿತು. ನಳಿನಿ ಬಿದ್ದು ಬಿದ್ದು ನಕ್ಕಳು. ಹುಲಿಯ ಹೆಗಲೇರಿ ವಠಾರಕ್ಕೆ ಮೂರು ಸುತ್ತು ಬಂದಳು. ಇಳಿದಾಗ ಅವಳ ಲಂಗವೂ ನೀಲಿ.

ಸಂಜೆಯ ಬಸ್ಸಿನಲ್ಲಿ ಮಗಳು ತೋಳಿಗೆ ಒರಗಿ ನಿದ್ದೆಹೋದಳು. ಹೃಷೀಕೇಶನ ಕಣ್ಣು ಮಂಜಾಯಿತು. ಸಂಬಂಧಿಕರು ಅವನ ಹಬ್ಬ ಪಾಲು ಮಾಡಿ ಎದ್ದು ಹೋದರು. ವಠಾರದ ಇವರಿಗೆ ಅವನು ಏನಾಗಬೇಕು? ಒಬ್ಬರು ಹಸಿದುಕೊಂಡರು, ಒಬ್ಬರು ಹೊಗೆ ಕುಡಿದರು, ಒಬ್ಬ ಮೈಯ ಚರ್ಮವನ್ನೇ ಕೊಟ್ಟ. ಇಂಥವರು ಸಿಕ್ಕಲು ನಾನು ಯಾವ ಜನ್ಮದಲ್ಲಿ ಪುಣ್ಯ ಮಾಡಿದ್ದೆನೋ ಎಂದುಕೊಂಡ.

ಕಾರ್ಕಳದ ನಿಲ್ದಾಣದಲ್ಲಿ ಸುಭಾಷಿಣಿ ಕೊಡೆ ಹಿಡಿದು ನಿಂತಿದ್ದಳು. ನಳಿನಿ ಇಳಿಯುವ ಮೊದಲೇ ಬಾಯಿ ಬಿಟ್ಟಳು. “ಅಮ್ಮ, ಹುಲಿ ನೋಡಿದೆ! ಹೆಗಲ ಮೇಲೆ ಕೂಡ ಕೂತೆ!”

ಸುಭಾಷಿಣಿ ಆಶ್ಚರ್ಯದಿಂದ ಅವನನ್ನು ನೋಡಿದಳು. “ಹುಲಿಯಾ? ಇವತ್ತಾ? ಉಡುಪಿಯ ಅಷ್ಟಮಿ ಇವತ್ತಲ್ಲ ಅಂತ ನನಗೆ ಗೊತ್ತಿತ್ತು. ನೀವು ಅಷ್ಟು ಆಸೆಯಿಂದ ಬಂದಿದ್ರಿ. ಶಾಲೆಗೂ ರಜೆ, ಹೋಗಿ ಬರಲಿ ಅಂತ ಸುಮ್ಮನಿದ್ದೆ. ಬರುವ ತಿಂಗಳು ನಿಜವಾದದ್ದಕ್ಕೆ ಎರಡು ದಿನ ಕಳಿಸುವ ಅಂತ ಇವಳ ರಜಾ ಅರ್ಜಿ ಕೂಡ ಬರೆದಿಟ್ಟಿದ್ದೇನೆ.”

ಎರಡು ದಿನ! ಹೃಷೀಕೇಶನಿಗೆ ಅವಳ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಬಾಯಿ ತೆರೆಯುವುದರೊಳಗೆ ನಳಿನಿ ಹೇಳಿದಳು: “ಬೇಡಮ್ಮ, ಅಷ್ಟಮಿ ಆಯ್ತಲ್ಲ! ಹುಲಿ, ಚಕ್ಕುಲಿ ಎಲ್ಲ ಆಯ್ತು. ಬರುವ ತಿಂಗಳು ನಮಗೆ ಡ್ಯಾನ್ಸ್ ಪ್ರಾಕ್ಟೀಸ್ ಉಂಟು, ತಪ್ಪಿಸಿದರೆ ಟೀಚರ್ ನನ್ನನ್ನು ತೆಗೀತಾರೆ. ಆಯ್ತು ಅಲ್ವಾ ಅಪ್ಪ? ಇವತ್ತೇ ನಿಜವಾದ ಅಷ್ಟಮಿ ಅಲ್ವಾ?”

ಇಬ್ಬರೂ ಅವನನ್ನೇ ನೋಡಿದರು. ಅಲ್ಲ ಎಂದರೆ ಎರಡು ದಿನ ಸಿಗುತ್ತಿತ್ತು. ಆದರೆ ಆ ಕ್ಷಣಕ್ಕೆ ನೀಲಿ ಹುಲಿ ಬರೇ ಲೀಲಾಧರನಾಗುತ್ತಿತ್ತು, ಮಗಳ ಮುಖದ ಆ ನಗುವೂ ಹೋಗುತ್ತಿತ್ತು.

“ಹೌದು ಪುಟ್ಟಿ,” ಎಂದ ಅವನು. “ಆಯ್ತು. ಭರ್ಜರಿಯಾಗಿ ಆಯ್ತು.”

ಸುಭಾಷಿಣಿಗೆ ಎಲ್ಲ ಅರ್ಥವಾಗಿರಬೇಕು. ಮಗಳ ನೀಲಿ ಲಂಗ ನೋಡಿ ಬಹಳ ದಿನದ ಮೇಲೆ ಅವನ ಎದುರು ನಕ್ಕಳು. “ನಿಮ್ಮ ವಠಾರದವರು ತುಂಬ ಒಳ್ಳೆಯವರು, ನನ್ನ ನಮಸ್ಕಾರ ಹೇಳಿ. ಪಾಪ, ನಿಮಗೋಸ್ಕರ ಹಬ್ಬವನ್ನೇ ಬೇಗ ಮುಗಿಸಿ ಕೊಟ್ರು.”

“ಹೌದು,” ಎಂದ ಹೃಷೀಕೇಶ. “ಅವರ ಉಪಕಾರ ನಾನು ಯುಗಾದಿವರೆಗೂ ಮರೆಯಲಿಕ್ಕಿಲ್ಲ.”