ಗುಂಡುಕಲ್ಲಿನ ತೋಳು, ಮಿಂಚಿನ ತೋಳು

ಬೆಂಕಿಕಡ್ಡಿ ಅಂದು ಬೆಳಿಗ್ಗೆ ದರ್ಜಿಯ ಅಂಗಡಿಯಲ್ಲಿ ಕೋಟಿನ ಅಳತೆ ಕೊಟ್ಟು ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು. ಆದರೆ ಇವತ್ತೊಂದು ದಿನವಾದರೂ ಸಿಡುಕದೆ ಜನರ ಹತ್ತಿರ ನಗುನಗುತ್ತ ಮಾತಾಡಿ ಎಂದು ಹೆಂಡತಿ ಬುದ್ಧಿ ಹೇಳಿ ಕಳಿಸಿದ್ದಳು. ಅದಕ್ಕೇ ಗೋಡೆಯ ಮೇಲಿದ್ದ ಇಬ್ಬರು ಬಾಕ್ಸರುಗಳ ಪಟ ನೋಡಿ, "ಇವರಿಬ್ಬರೂ ಎದುರುಬದುರಾದ್ರೆ ಯಾರು ಗೆಲ್ತಾರೆ?" ಎಂದು ಕೇಳಿಬಿಟ್ಟ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ.

ಅವನಿಗೆ ಆ ಅಡ್ಡಹೆಸರು ಬಿದ್ದದ್ದು ಮೈಕಟ್ಟಿಗೂ ಹೌದು, ಸ್ವಭಾವಕ್ಕೂ ಹೌದು. ಗೀರಿದರೆ ಸಾಕು, ಹೊತ್ತಿಕೊಳ್ಳುತ್ತಿದ್ದ. ಹಾಗೆ ಹೊತ್ತಿಕೊಂಡೇ ಹಿಂದಿನ ಕೆಲಸಗಳನ್ನೆಲ್ಲ ಕಳೆದುಕೊಂಡಿದ್ದ. ಈಗ ಊರಿನ ದೊಡ್ಡ ಹೋಟೆಲಿನಲ್ಲಿ ಬಾಗಿಲು ಕಾಯುವ ಕೆಲಸ ಖಾಲಿಯಿತ್ತು. ಸಂಜೆ ಕರೀ ಕೋಟು ತೊಟ್ಟು ಬಂದವರನ್ನು ಮಾತ್ರ ನೋಡುವುದೆಂದು ಹೇಳಿದ್ದರು. ಅದೂ ತಪ್ಪಿದರೆ ಭಾವಮೈದನ ಹಿಟ್ಟಿನ ಗಿರಣಿಯೇ ಗತಿ. ಇವನ ಮದುವೆಯಲ್ಲಿ ಮೂಗು ಒರೆಸಿಕೊಳ್ಳಲೂ ಬಾರದಿದ್ದ ಆ ಪೋರ ಈಗ ಕಂಡಾಗಲೆಲ್ಲ, ಬನ್ನಿ ಭಾವ, ತಕ್ಕಡಿ ಮುಂದೆ ಆರಾಮಾಗಿ ಕೂತ್ಕೊಳ್ಳಿ ಎಂದು ಕರೆಯುತ್ತಿದ್ದ. ಆ ಮರ್ಯಾದೆಯ ದನಿ ಕೇಳಿದರೇ ಬೆಂಕಿಕಡ್ಡಿಗೆ ಮೈಯೆಲ್ಲ ಉರಿಯುತ್ತಿತ್ತು. ಆ ಗಿರಣಿಯ ಕಡೆ ಅವನು ತಲೆಹಾಕಿ ಕೂಡ ಮಲಗಿದವನಲ್ಲ.

ದರ್ಜಿಗಳು ಅಣ್ಣತಮ್ಮಂದಿರು. ಅಣ್ಣ ಟೇಪು ಹಿಡಿದು ಅಳತೆ ಕೂಗುವುದು, ತಮ್ಮ ತಲೆಯೆತ್ತದೆ, ಕಿವಿಗೆ ಬಿದ್ದ ಹಾಗೇ ಬಟ್ಟೆಗೆ ಗೆರೆ ಎಳೆದು ಕತ್ತರಿಸುವುದು. ಅಪ್ಪನ ಕಾಲದಿಂದ ಬಂದ ಪದ್ಧತಿ. ಅಣ್ಣನ ಪಾಲಿನ ದೇವರು ಹಳೇ ಕಾಲದ ಚಾಂಪಿಯನ್ನು, ಗುಂಡುಕಲ್ಲು ಎಂದೇ ಹೆಸರಾದವನು. ತಮ್ಮನ ದೇವರು ಈಗಿನ ಚಾಂಪಿಯನ್ನು ಮಿಂಚು. ಗುಂಡುಕಲ್ಲು ಸತ್ತು ಎಷ್ಟೋ ವರ್ಷಕ್ಕೆ ಮಿಂಚು ಹುಟ್ಟಿದ್ದು. ಆದರೂ ಈ ಅಂಗಡಿಯಲ್ಲಿ ಇಬ್ಬರಿಗೂ ದಿನಾ ಜಗಳ.

"ನಿನ್ನ ಮಿಂಚು ಹನ್ನೆರಡು ಸುತ್ತಿಗೇ ಏದುಸಿರು ಬಿಡ್ತಾನೆ. ನಮ್ಮೋನು ಹದಿನೈದು ಸುತ್ತು ನಿಂತು ಹೊಡೀತಿದ್ದ," ಎಂದ ಅಣ್ಣ.

"ನಿಂತೇ ಇರ್ತಿದ್ದ. ಅದಕ್ಕೇ ತಾನೇ ಕಲ್ಲು ಅಂದಿದ್ದು?" ಎಂದ ತಮ್ಮ, ಕತ್ತರಿ ಆಡಿಸುತ್ತ.

ಅಣ್ಣನಿಗೆ ಪಿತ್ತ ನೆತ್ತಿಗೇರಿತು. ಬೆಂಕಿಕಡ್ಡಿಯ ಎದೆಗೆ ಸುತ್ತಿದ್ದ ಟೇಪು ಹಿಡಿದುಕೊಂಡೇ, ಗುಂಡುಕಲ್ಲಿನ ಎದೆ ನಲವತ್ತಾರು, ತೋಳು ಇಪ್ಪತ್ತೆಂಟು ಎಂದು ಅರಚಿದ. ಮೇಜಿನ ಮೇಲೆ ಕತ್ತರಿ ಕರಕರ ಓಡಿತು. ತಮ್ಮ ಬಿಟ್ಟಾನೆಯೇ? ಮಿಂಚಿನ ತೋಳು ಅದಕ್ಕಿಂತ ಎರಡಿಂಚು ಉದ್ದ ಎಂದು ತಾನೇ ಕೂಗಿ, ಕೂಗಿದ್ದನ್ನು ತಾನೇ ಕತ್ತರಿಸಿದ. ಇಬ್ಬರಿಗೂ ಮೈಮೇಲೆ ಪ್ರಜ್ಞೆ ಇರಲಿಲ್ಲ. ಬೆಂಕಿಕಡ್ಡಿಗೆ ಅತ್ತ ನೋಡಲು ಪುರಸೊತ್ತೂ ಇರಲಿಲ್ಲ. ಗುಂಡುಕಲ್ಲಿನ ಏಟು ಎಲ್ಲಿ ಬೀಳುತ್ತಿತ್ತು ಎಂಬುದನ್ನು ಅಣ್ಣ ಅವನ ದವಡೆಯ ಮೇಲೆಯೇ ತೋರಿಸುತ್ತಿದ್ದ. ಹೆಂಡತಿಯ ಮಾತು ನೆನೆದು ಅವನು ಹಲ್ಲು ಕಚ್ಚಿಕೊಂಡು ನಕ್ಕ.

ಸಂಜೆ ಬಂದು ಕೋಟು ತೊಟ್ಟರೆ ಅದು ಮೊಣಕಾಲು ಮುಟ್ಟಿತು. ಕೈಗಳು ಎಲ್ಲಿ ಹೋದವೋ ಹುಡುಕಬೇಕಾಯಿತು.

"ಯಾರ ಕೋಟ್ರೀ ಇದು?" ಎಂದು ಬೆಂಕಿಕಡ್ಡಿ ಕೊನೆಗೂ ಹೊತ್ತಿಕೊಂಡ. ಇಬ್ಬರ ಅಪ್ಪ, ಅಜ್ಜನವರೆಗೂ ಜಾಲಾಡಿದ. ಅಣ್ಣತಮ್ಮಂದಿರಿಗೆ ಅದೊಂದೂ ಕೇಳಿಸಲಿಲ್ಲ. ಬಲತೋಳು ಎಡಕ್ಕಿಂತ ಎರಡಿಂಚು ಕೆಳಗೆ ಜೋತುಬಿದ್ದದ್ದನ್ನೇ ಅವರು ನೋಡುತ್ತಿದ್ದರು.

"ಕಣ್ಣಾರೆ ನೋಡ್ಕೋ ಅಣ್ಣ, ಮಿಂಚಿನ ಏಟೇ ಮೊದಲು ತಾಗ್ತಿತ್ತು," ಎಂದ ತಮ್ಮ. ಅಣ್ಣ ಅವನ ಕೊರಳಪಟ್ಟಿ ಹಿಡಿದ. ಬಿಚ್ಚಿ ಸರಿಯಾಗಿ ಹೊಲಿದು ಕೊಡಿ ಎನ್ನಲು ಇನ್ನು ಹೊತ್ತೂ ಇರಲಿಲ್ಲ. ಬೆಂಕಿಕಡ್ಡಿ ಶಾಪ ಹಾಕುತ್ತ ಹೋಟೆಲಿಗೆ ಓಡಿದ.

ಅಲ್ಲಿ ಮ್ಯಾನೇಜರು ಒಬ್ಬ ದಡಿಯನನ್ನು ಕೋಟಿಲ್ಲವೆಂದು ವಾಪಸು ಕಳಿಸುತ್ತಿದ್ದ. ಆಳು ಬಾಗಿಲಿನಷ್ಟೇ ಅಗಲವಿದ್ದ. ಮ್ಯಾನೇಜರು ಬೆಂಕಿಕಡ್ಡಿಯನ್ನು ನೋಡಿದ, ದಡಿಯನನ್ನು ನೋಡಿದ, ಮತ್ತೆ ಕೋಟು ನೋಡಿದ. "ಅದನ್ನೊಂದು ನಿಮಿಷ ಇವನಿಗೆ ಕೊಡಪ್ಪ," ಎಂದ.

ಕೋಟು ದಡಿಯನಿಗೆ ಹೇಳಿ ಹೊಲಿಸಿದಂತೆ ಕೂತಿತು. ಭಾರ ಎಳೆದೆಳೆದು ಅವನ ಬಲಗೈ ಒಂದಿಷ್ಟು ಉದ್ದ ಬೆಳೆದಿತ್ತೋ ಏನೋ, ತೋಳುಗಳೂ ಸರಿಯಾಗಿಯೇ ಇದ್ದವು. ಕೆಲಸ ಅಲ್ಲೇ ಅವನದಾಯಿತು. ಬೆಂಕಿಕಡ್ಡಿ ನನ್ನ ಕೋಟು, ನನ್ನ ಕೆಲಸ ಎಂದು ಕೂಗಾಡಿದ. ಮ್ಯಾನೇಜರು ಕಣ್ಸನ್ನೆ ಮಾಡಿದ. ಹೊಸ ಕಾವಲುಗಾರ ಮಾಡಿದ ಮೊದಲ ಕೆಲಸವೆಂದರೆ, ಬೆಂಕಿಕಡ್ಡಿಯನ್ನು ಕಂಕುಳಲ್ಲಿ ಎತ್ತಿಕೊಂಡು ಹೋಗಿ ಬೀದಿಯಲ್ಲಿ ಇಳಿಸಿದ್ದು. ಅದೂ ಅವನದೇ ಕೋಟು ತೊಟ್ಟು.

ಕುದಿಯುತ್ತ ಮನೆ ಸೇರಿದರೆ ಜಗುಲಿಯಲ್ಲಿ ಭಾವಮೈದ ಕೂತಿದ್ದ. ಇವನಿಗಿಂತ ಹೆಚ್ಚು ಸಿಟ್ಟಿನಲ್ಲಿದ್ದ. ಬೆಂಕಿಕಡ್ಡಿ ಮಾನ ಬಿಟ್ಟು, ನಾಳೆಯಿಂದಲೇ ತಕ್ಕಡಿ ಮುಂದೆ ಕೂರುತ್ತೇನೆ ಎಂದುಬಿಟ್ಟ.

"ಬನ್ನಿ ಭಾವ, ಬರಲೇಬೇಕು. ಆದ್ರೆ ತಕ್ಕಡಿ ನಾನೇ ನೋಡ್ಕೋತೀನಿ," ಎಂದ ಭಾವಮೈದ. "ನೀವು ಮೂಟೆ ಹೊರಬೇಕಾಗುತ್ತೆ. ಗಿರಣಿಗೆ ಒಬ್ಬನೇ ಒಬ್ಬ ಗಟ್ಟಿ ಆಳಿದ್ದ. ಯಾವನೋ ಮನೆಹಾಳ ಅವನಿಗೆ ಕೋಟು ತೊಡಿಸಿ ಹೋಟೆಲಿಗೆ ಸೇರಿಸಿಬಿಟ್ನಂತೆ."