ಏಳನೆಯ ಸೇತುವೆಯ ನೇಮಕಾತಿ

ನಮ್ಮ ದೇಶದಲ್ಲಿ ಏಳು ಸೇತುವೆಗಳಿವೆ. ನಮ್ಮ ಇಲಾಖೆ ವರ್ಷಕ್ಕೊಮ್ಮೆ ಹೊರತರುವ ‘ದೇಶ ಪರಿಚಯ’ ಪುಸ್ತಕದ ನಲವತ್ತನೆಯ ಪುಟದಲ್ಲಿ ಇದು ಅಚ್ಚಾಗಿರುವುದರಿಂದ ಈ ಬಗ್ಗೆ ಯಾರೂ ತಕರಾರು ತೆಗೆಯುವ ಅಗತ್ಯವಿಲ್ಲ.

ಪಕ್ಕದ ದೇಶದಲ್ಲಿರುವುದು ಆರೇ. ಅವರಿಗೆ ಸಮುದ್ರವಿದೆ, ಬಂದರಿದೆ, ಹಿಮ ಬೀಳುವ ಬೆಟ್ಟವಿದೆ, ನಮ್ಮ ಎರಡರಷ್ಟು ಜನಸಂಖ್ಯೆಯಿದೆ, ಆ ಜನಕ್ಕೆಲ್ಲ ಕೆಲಸವೂ ಇದೆಯಂತೆ. ಇರಲಿ, ನಾವೇನೂ ಹೊಟ್ಟೆಕಿಚ್ಚು ಪಡುವವರಲ್ಲ. ಪುಸ್ತಕದ ಉಳಿದ ಪುಟಗಳಲ್ಲೆಲ್ಲ ಅವರೇ ಮುಂದು, ನಲವತ್ತನೆಯ ಪುಟದಲ್ಲಿ ಮಾತ್ರ ನಾವು. ನಮ್ಮ ನಿರ್ದೇಶಕರು ಆ ಪುಟಕ್ಕೆ ಕಟ್ಟು ಹಾಕಿಸಿ ತಮ್ಮ ಕುರ್ಚಿಯ ಹಿಂದೆ ತೂಗುಹಾಕಿದ್ದಾರೆ.

ಒಂದು ಮಧ್ಯಾಹ್ನ ಲಾರಿ ಚಾಲಕನೊಬ್ಬ ಒದ್ದೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಕಚೇರಿಗೆ ಬಂದ. “ಸ್ವಾಮಿ, ನಿಮ್ಮ ಪುಸ್ತಕ ನೋಡ್ಕೊಂಡು ಏಳನೇ ಸೇತುವೆಗೆ ಹೋದೆ. ಅಲ್ಲಿ ಬರೀ ನೀರಿದೆ. ಲಾರಿ ಅರ್ಧ ಹೊಳೇಲಿದೆ,” ಎಂದ. ಉಳಿದ ಅರ್ಧ ದಡದಲ್ಲಿದೆಯೆಂದು ನಾವು ಸಮಾಧಾನ ಹೇಳಿ ಕಳಿಸಿದೆವು.

ಆದರೂ ವಿಚಾರಣೆ ನಡೆಯಿತು. ಇಲಾಖೆಯ ದೊಡ್ಡ ನಕ್ಷೆಯನ್ನು ನಾವು ಮಡಿಚಿ ಬೀರುವಿನಲ್ಲಿಡುವುದು ರೂಢಿ. ನಮಗಿಂತ ಹಿಂದಿನವರು ಹೇಗೆ ಮಡಿಚಿದ್ದರೋ ಹಾಗೆಯೇ ಮಡಿಚುತ್ತೇವೆ, ಇದರಲ್ಲಿ ನಮಗೆ ಹೆಮ್ಮೆಯಿದೆ. ಆ ಮಡಿಕೆಯೊಂದರಲ್ಲಿ ಧೂಳು ಕೂತು ಕಪ್ಪು ಗೆರೆಯಾಗಿತ್ತು. ಗೆರೆ ಸರಿಯಾಗಿ ಹೊಳೆಯನ್ನು ದಾಟಿತ್ತು. ಸೇತುವೆ ಎಣಿಸುವ ಅಧಿಕಾರಿ ಪ್ರಾಮಾಣಿಕರು, ಕಂಡದ್ದನ್ನೆಲ್ಲ ಎಣಿಸಿದ್ದರು.

ನಿರ್ದೇಶಕರು ಕನ್ನಡಕ ಒರೆಸಿಕೊಂಡು ನಿಯಮ ಓದಿದರು. “ಅಚ್ಚಾದ ವಿವರಕ್ಕೂ ನೆಲಕ್ಕೂ ವ್ಯತ್ಯಾಸ ಕಂಡುಬಂದಲ್ಲಿ ನೆಲವನ್ನು ತಿದ್ದತಕ್ಕದ್ದು.” ಸರಿ, ಸೇತುವೆ ಕಟ್ಟಿಸೋಣವೆಂದು ಕಡತ ಕಳಿಸಿದೆವು. ಈಗಾಗಲೇ ಇರುವ ಸೇತುವೆಯನ್ನು ಮತ್ತೆ ಕಟ್ಟಲು ಹಣ ಕೊಡಲಾಗದು ಎಂದು ಹಣಕಾಸಿನವರು ಕಡತವನ್ನು ವಾಪಸು ಕಳಿಸಿದರು. ಅವರ ಮಾತಿನಲ್ಲೂ ನ್ಯಾಯವಿತ್ತು.

ಆ ಜಾಗದಲ್ಲಿ ಒಬ್ಬ ಅಂಬಿಗ ದೋಣಿ ಹಾಕುತ್ತಿದ್ದ. ಸೇತುವೆಯ ಪಕ್ಕದಲ್ಲೇ ದೋಣಿ ನಡೆಸುವುದು ಸೇತುವೆಗೆ ಮಾಡುವ ಅವಮಾನವಾದ್ದರಿಂದ ದೋಣಿಯನ್ನು ಜಪ್ತಿ ಮಾಡಿ ತಂದು ನಮ್ಮ ಮೊಗಸಾಲೆಯಲ್ಲಿ ಇಟ್ಟೆವು. ಮಧ್ಯಾಹ್ನ ಅದರಲ್ಲಿ ಕೂತು ಊಟ ಮಾಡಲು ಬಹಳ ಅನುಕೂಲವಾಯಿತು. ಅಂಬಿಗ ಮಾತ್ರ ದಿನಾ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ.

“ಸ್ವಾಮಿ, ದೋಣಿ ಕೊಟ್ಬಿಡಿ. ಮನೇಲಿ ಒಲೆ ಹತ್ತಿಲ್ಲ.”

“ಸೇತುವೆ ಇರೋ ಕಡೆ ದೋಣಿ ಯಾಕಯ್ಯಾ?” ಎಂದರು ನಿರ್ದೇಶಕರು.

“ಸೇತುವೆ ಎಲ್ಲಿದೆ ಸ್ವಾಮಿ?”

“ಪುಟ ನಲವತ್ತರಲ್ಲಿ.”

ಅವನು ಪಾಪದವನು, ತಲೆ ಕೆರೆದುಕೊಂಡು ಹೋಗುತ್ತಿದ್ದ. ಅವನ ಹೆಂಡತಿ ಹಾಗಲ್ಲ. ಒಂದು ಬೆಳಿಗ್ಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರ ನಿರ್ದೇಶಕರ ಮೇಜಿನ ಮುಂದೆ ಬಂದು ನಿಂತಳು.

“ಅಲ್ಲಾ ಸ್ವಾಮಿ, ಸೇತುವೆ ಅಂದ್ರೆ ಏನು? ಈ ಕಡೆಯವರನ್ನ ಆ ಕಡೆ ಮುಟ್ಟಿಸೋದು ತಾನೇ? ನನ್ನ ಗಂಡ ಮದುವೆಗೆ ಮುಂಚಿನಿಂದ ಅದನ್ನೇ ಮಾಡ್ಕೊಂಡು ಬಂದಿದಾನೆ. ಹಾಗಾದ್ರೆ ಅವನೇ ಸೇತುವೆ ಅಂತ ಬರ್ಕೊಂಡ್ಬಿಡಿ, ನಮ್ಮ ಪೀಡೆ ಕಳೀಲಿ!”

ಅವಳು ರೇಗಿ ಹೇಳಿದ್ದು. ನಿರ್ದೇಶಕರು ಕುರ್ಚಿಯಿಂದ ಎದ್ದು ನಿಂತರು. ನಮ್ಮ ಇಲಾಖೆಯಲ್ಲಿ ಅವರು ಎದ್ದು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸಂಜೆಯೊಳಗೆ ಪ್ರಕಟಣೆ ಹೊರಟಿತು. “ಈ ಮೂಲಕ ಸಮಸ್ತ ನಾಗರಿಕರಿಗೆ ತಿಳಿಯಪಡಿಸುವುದೇನೆಂದರೆ, ಏಳನೆಯ ಸೇತುವೆಯ ಸ್ಥಾನಕ್ಕೆ ಅಂಬಿಗನನ್ನು ನೇಮಿಸಲಾಗಿದೆ. ಸದರಿ ಸೇತುವೆಯು ಜ್ವರದಿಂದ ಮಲಗಿದ ದಿನಗಳಲ್ಲಿ ‘ದುರಸ್ತಿಯಲ್ಲಿದೆ’ ಎಂಬ ಫಲಕವನ್ನು ಮನೆಯ ಬಾಗಿಲಿಗೆ ಕಟ್ಟತಕ್ಕದ್ದು. ಸೇತುವೆಯ ಮೇಲೆ ಯಾರೂ ತಮ್ಮ ಹೆಸರು ಕೆತ್ತತಕ್ಕದ್ದಲ್ಲ.”

ಮುಂದಿನದೆಲ್ಲ ಕ್ರಮಬದ್ಧವಾಗಿ ನಡೆಯಿತು. ಹೊಸ ಸೇತುವೆಗೆ ಮೊಣಕಾಲಿನವರೆಗೆ ಕಪ್ಪು ಹಳದಿ ಪಟ್ಟೆ ಬಳಿಸಿದೆವು. ಭಾರ ತಾಳುತ್ತದೆಯೇ ಎಂದು ನೋಡಲು ಎಂಜಿನಿಯರು ನಮ್ಮ ದಪ್ಪ ಖಜಾಂಚಿಯನ್ನು ಅದರ ಬೆನ್ನ ಮೇಲೆ ಕೂರಿಸಿದರು. ಸೇತುವೆ ಬಾಗಿತು, ಬೈಯಿತು, ಆದರೆ ಮುರಿಯಲಿಲ್ಲ. ದೋಣಿಯನ್ನು ‘ಸೇತುವೆಯ ಬಿಡಿಭಾಗ’ ಎಂದು ನಮೂದಿಸಿ ಹಿಂದಿರುಗಿಸಿದೆವು. ದೋಣಿ ನೀರಿಗಿಳಿದಾಗ ಅಂಬಿಗನ ಕಣ್ಣು ತುಂಬಿ ಬಂತು. ಸೇತುವೆ ಸೋರುತ್ತಿದೆ ಎಂದು ಎಂಜಿನಿಯರು ಟಿಪ್ಪಣಿ ಬರೆದುಕೊಂಡರು.

“ನಮ್ಮಪ್ಪ ಗಂಡು ನೋಡೋವಾಗ ಇದನ್ನ ಯಾರೂ ಹೇಳಿರ್ಲಿಲ್ಲ,” ಎಂದಷ್ಟೇ ಅಂದಳು ಹೆಂಡತಿ.

ಸುದ್ದಿ ಪಕ್ಕದ ದೇಶಕ್ಕೆ ಮುಟ್ಟಿತು. ಅವರ ಪುಸ್ತಕದಲ್ಲಿ ಎಲ್ಲ ದೇಶಗಳ ಸೇತುವೆಗಳ ಉದ್ದವನ್ನೂ ಹಾಕುತ್ತಾರಂತೆ, ನಮ್ಮ ಏಳನೆಯದರ ಉದ್ದವೆಷ್ಟು ಎಂದು ಕೇಳಿದರು. ಟೇಪು ಹಿಡಿದು ಅಳೆದೆವು, ಐದೂವರೆ ಅಡಿ ಬಂತು. ಸೇತುವೆ ಹೊಳೆಯ ಈ ದಡದಿಂದ ಆ ದಡಕ್ಕಿರುವ ವಸ್ತುವಾದ್ದರಿಂದ ಹೊಳೆಯ ಅಗಲವೂ ಐದೂವರೆ ಅಡಿ ಎಂದು ಪುಸ್ತಕದಲ್ಲಿ ತಿದ್ದಿದೆವು. ಹೊಳೆಗೆ ಇದರ ಒಂದು ಪ್ರತಿಯನ್ನು ಕಳಿಸಲಾಯಿತು. ಅದು ಆಕ್ಷೇಪಣೆ ಸಲ್ಲಿಸಲಿಲ್ಲ.

ಇದನ್ನು ಕಣ್ಣಾರೆ ಕಾಣಲು ಪಕ್ಕದ ದೇಶದ ಅಧಿಕಾರಿ ಬಂದರು. ನಿರ್ದೇಶಕರೂ ಅವರೂ ನಾನೂ ದಡದಲ್ಲಿ ನಿಂತೆವು. ಆಚೆ ದಡದ ಹಸು ನಮ್ಮ ಕಣ್ಣಿಗೆ ಕಾಳಿನಷ್ಟು ಕಾಣುತ್ತಿತ್ತು. ಅಧಿಕಾರಿ ಪುಸ್ತಕ ನೋಡಿದರು, ನೀರು ನೋಡಿದರು.

“ಐದೂವರೆ ಅಡಿ ಅಂದ್ರೆ ಒಂದು ದೊಡ್ಡ ಹೆಜ್ಜೆ ಅಲ್ವೇ?” ಎಂದು ಕೇಳಿದರು.

“ಒಂದೇ ಹೆಜ್ಜೆ,” ಎಂದು ನಿರ್ದೇಶಕರು ಪ್ಯಾಂಟು ಮೇಲೆತ್ತಿ ಒಂದು ಕಾಲನ್ನು ಗಾಳಿಯಲ್ಲಿ ಚಾಚಿದರು. ಕಾಲು ಅಲ್ಲೇ ನಿಂತಿತು. ನಾನು ದೇವರನ್ನು ನೆನೆದೆ.

ಆಗ ಸೇತುವೆ ಮೆಲ್ಲಗೆ ದೋಣಿಯನ್ನು ಆ ಕಾಲಿನ ಕೆಳಗೆ ತಂದು, “ಇಳಿಸಿ ಸ್ವಾಮಿ,” ಎಂದಿತು. ಮೂವರೂ ದೋಣಿಯಲ್ಲಿ ಕೂತೆವು. ಹುಟ್ಟು ಹಾಕಿ ಹಾಕಿ ಸೇತುವೆ ಬೆವರಿತು. ಎಷ್ಟು ಹೊತ್ತಾದರೂ ದಡ ಬಾರದಿದ್ದಾಗ ನಿರ್ದೇಶಕರು ಕೆಮ್ಮಿ, “ನಮ್ಮ ಜನ ಹೆಜ್ಜೆ ನಿಧಾನವಾಗಿ ಇಡ್ತಾರೆ,” ಎಂದರು. ಅಧಿಕಾರಿ ಅದನ್ನೂ ಶ್ರದ್ಧೆಯಿಂದ ಬರೆದುಕೊಂಡರು.

ಹೊಳೆಯ ನಡುವೆ ಅಧಿಕಾರಿ ಮುಂದೆ ಬಾಗಿ ಸೇತುವೆಯ ಕಿವಿಯಲ್ಲಿ ಕೇಳಿದರು, “ನಿನಗೆ ತಮ್ಮಂದಿರು ಯಾರಾದರೂ ಇದ್ದಾರೇನಪ್ಪಾ?”

“ಇಬ್ಬರಿದಾರೆ ಸ್ವಾಮಿ. ಒಬ್ಬನಿಗೆ ಬೆನ್ನುನೋವು.”

“ಪರವಾಗಿಲ್ಲ, ನಮ್ಮ ಹಳೇ ಸೇತುವೆಗಳೂ ಹಾಗೇ ಇವೆ.”

ನಿರ್ದೇಶಕರ ಕಿವಿ ಚುರುಕು. ಅವರ ಆರಕ್ಕೆ ಇಬ್ಬರು ಸೇರಿದರೆ ಎಂಟಾಗುತ್ತದೆ, ಕಟ್ಟು ಹಾಕಿಸಿದ ಪುಟ ಗೋಡೆಯಿಂದ ಇಳಿಯುತ್ತದೆ! ದೋಣಿ ದಡ ಮುಟ್ಟುವಷ್ಟರಲ್ಲಿ ಅವರು ನನ್ನ ಬೆನ್ನನ್ನು ಮೇಲಿಂದ ಕೆಳಗೆ ಒಮ್ಮೆ ಸವರಿ ನೋಡಿದ್ದರು.

ಈಗ ಅಂಬಿಗ ಇಲಾಖೆಯ ಹಿರಿಯ ಸೇತುವೆ. ದೋಣಿ ಅವನದೇ, ಇನ್ನು ಅದನ್ನು ಯಾರೂ ಮುಟ್ಟುವಂತಿಲ್ಲ. ಹೊತ್ತು ಮುಳುಗುವಾಗ ಅವನ ಹೆಂಡತಿ ದಡದಲ್ಲಿ ನಿಂತು, “ಸೇತುವೇ, ಊಟಕ್ಕೆ ಬಾ,” ಎಂದು ಕೂಗುತ್ತಾಳೆ, ಅದು ಹೋಗುತ್ತದೆ. ತಮ್ಮಂದಿರಿಬ್ಬರೂ ಪಕ್ಕದ ದೇಶದಲ್ಲಿ ಒಳ್ಳೆಯ ಸಂಬಳಕ್ಕಿದ್ದಾರೆ. ಆದರೂ ನಾವೇ ಮುಂದಿದ್ದೇವೆ. ನಮ್ಮ ಕಚೇರಿಯಲ್ಲಿ ಖಜಾಂಚಿ ಎಂಟನೆಯ ಸೇತುವೆ, ಭಾರಿ ವಾಹನಗಳಿಗೆ ಯೋಗ್ಯ. ನಾನು ಒಂಬತ್ತನೆಯದು. ಮೊಣಕಾಲಿನ ಬಣ್ಣ ಇನ್ನೂ ಒಣಗದ ಕಾರಣ ಈ ವರದಿಯನ್ನು ನಿಂತೇ ಬರೆದಿದ್ದೇನೆ.