ಸತ್ತ ಭಾಷೆಯ ಬೈಗುಳ

ಅಮೆರಿಕದ ಸನ್ನಿವೇಲ್‌ನ ಅಪಾರ್ಟ್‌ಮೆಂಟೊಂದರಲ್ಲಿ ಎಲ್ಲರೂ ಬಳಸುವ ಬಟ್ಟೆ ಒಗೆಯುವ ಮೆಷಿನ್ನು ಕೆಟ್ಟು ನಿಂತದ್ದೇ ರಘೋತ್ತಮನ ಗ್ರಹಚಾರಕ್ಕೆ ಮೂಲವಾಯಿತು. ಪಕ್ಕದ ಮನೆಯ ನಾಗವ್ವ ಅದಕ್ಕೊಂದು ಗುದ್ದು ಕೊಟ್ಟು, "ಮುಲೊಂಬೆ" ಎಂದು ಬೈದಳು. ರಘೋತ್ತಮನ ಕೈಯಲ್ಲಿದ್ದ ಬಟ್ಟೆಬುಟ್ಟಿ ಕಾಲ ಮೇಲೆ ಬಿತ್ತು.

ರಘೋತ್ತಮ ಭಾಷಾಶಾಸ್ತ್ರಜ್ಞ. ಆಫ್ರಿಕಾದಲ್ಲಿ ಎಂದೋ ಸತ್ತುಹೋದ ಒಂದು ಬಂಟು ಭಾಷೆಯ ಹಿಂದೆ ಬಿದ್ದು ಅರ್ಧ ಆಯುಷ್ಯ ಕಳೆದವನು. ಅದನ್ನಾಡುತ್ತಿದ್ದ ಜನ ನೆರೆಯವರ ಭಾಷೆಗೆ ಹೊರಳಿದಾಗ ಹಾಡು, ಕತೆ, ದೇವರ ಹೆಸರು ಎಲ್ಲ ಹಿಂದೆ ಉಳಿದು, ಹೊಸ ಭಾಷೆಯೊಳಕ್ಕೆ ನುಸುಳಿದ್ದು ಒಂದು ಹಿಡಿ ಬೈಗುಳ ಮಾತ್ರ. 'ಮುಲೊಂಬೆ' ಎಂದರೆ ಕೆಲಸಕ್ಕೆ ಬಾರದ್ದು. ಆ ಬೈಗುಳಗಳೂ ಈಗ ಹಳೆಯ ರೆಕಾರ್ಡಿಂಗುಗಳಲ್ಲಷ್ಟೇ ಇದ್ದವು. ಆ ಮಾತನ್ನು ಇಂದಿಗೂ ಆಡುವ ಒಂದು ಬಾಯಿ ತೋರಿಸದಿದ್ದರೆ ಇವತ್ತಿಗೆ ಪ್ರಾಜೆಕ್ಟು ಬಂದ್, ನಿನ್ನ ಕೆಲಸವೂ ಬಂದ್ ಎಂದು ಫಾಸ್ಟರ್ ಸಿಟಿಯ ಆಫೀಸಿನಲ್ಲಿ ಹೇಳಿದ್ದರು.

ನಾಗವ್ವ ಹಳಿಯಾಳದ ಕಡೆಯ ಸಿದ್ದಿ ಮನೆತನದವಳು. ಮಗನ ಮನೆಗೆ ಬಂದಿದ್ದಳು. ಅವಳ ಹಿರೀಕರು ಆಫ್ರಿಕಾದಿಂದ ಬಂದವರು. ಮಾತೂ ಅವರ ಜೊತೆಗೇ ಬಂದಿರಬೇಕು ಎಂದುಕೊಂಡ ರಘೋತ್ತಮ.

"ನಾಗವ್ವನೋರೆ, ಈ ಮಾತು ಎಲ್ಲಿ ಕಲಿತ್ರಿ?"

"ನಮ್ಮನ್ಯಾಗ ದಿನಾ ಕೇಳತೈತಿ ಬಿಡ್ರಿ."

ಮುಂದೆ ಕೇಳುವ ವ್ಯವಧಾನ ಅವನಿಗಿರಲಿಲ್ಲ; ನಾಗವ್ವನನ್ನು ಕಾರು ಹತ್ತಿಸಿ ಆಫೀಸಿಗೆ ಹೊರಟ. ಇನ್ನೊಮ್ಮೆ ಸರಿಯಾಗಿ ವಿಚಾರಿಸಿ ಎಂದು ಹೆಂಡತಿ ಮೈಥಿಲಿ ಹೇಳಿದ್ದೂ ಕಿವಿಗೆ ಬೀಳಲಿಲ್ಲ. ಮೇಲಿನ ಮನೆಯ ಗುರುಪ್ರಸಾದ, ಕರೆಯದ ಮದುವೆಗೆ ಬಾಳೆಲೆ ಹಿಡಿದು ಬಂದವನಂತೆ, ಕಾರಿನ ಮುಂದಿನ ಸೀಟಿನಲ್ಲಿ ಕುಳಿತು ಕನ್ನಡ ಕೂಟಕ್ಕೆಲ್ಲ ಸುದ್ದಿ ಕಳಿಸಿದ. ಫ್ರೀವೇ ಇಳಿಯುವಷ್ಟರಲ್ಲಿ ಅಭಿನಂದನೆಗಳು ಬಂದು ಬಿದ್ದವು.

ಆಫೀಸಿನ ಮುಖ್ಯಸ್ಥೆ ನಾಗವ್ವನ ಬಾಯಲ್ಲಿ ಆ ಮಾತು ಕೇಳಿ ಎದ್ದೇ ನಿಂತಳು. ಮನೆಯಲ್ಲಿ ಹಾಗೆನ್ನುವವರು ಯಾರು, ತಾಯಿಯೋ ಅಜ್ಜಿಯೋ ಎಂದು ವಿಚಾರಿಸಿದಳು. ರಘೋತ್ತಮ ಅದನ್ನು ಕನ್ನಡದಲ್ಲಿ ಕೇಳಿದ.

"ಯಾವ ಅಜ್ಜಿನೂ ಅಲ್ರಿ, ನೀವೇ. ದಿನಾ ಮುಂಜಾನೆ ಕಂಪ್ಯೂಟರ್‌ಗೆ ಬೈತಿರ್ತೀರಿ. ಗ್ವಾಡಿ ತೆಳ್ಳಗ ಐತಿ, ನಮಗ ಪೂರಾ ಕೇಳತೈತಿ."

ಅಜ್ಜಿಯೆಂದೇ ಹೇಳಿಬಿಡಲೇ ಎಂದು ರಘೋತ್ತಮನಿಗೆ ಒಂದು ಕ್ಷಣ ಅನ್ನಿಸಿತು. ಅಷ್ಟರಲ್ಲಿ ಗುರುಪ್ರಸಾದ, ಪಾಪ ಇವನಿಗೆ ಇಂಗ್ಲಿಷ್ ತೋಚುತ್ತಿಲ್ಲವೆಂದು ಮರುಗಿ, ಒಂದಕ್ಷರ ಬಿಡದೆ ಅನುವಾದಿಸಿಬಿಟ್ಟ.

ಮುಖ್ಯಸ್ಥೆ ನಾಗವ್ವನಿಗೆ ಕಾಫಿ ತರಿಸಿದಳು. ರಘೋತ್ತಮನಿಂದ ಆಫೀಸಿನ ಬ್ಯಾಡ್ಜು ವಾಪಸು ಪಡೆದಳು.

ಕಾರಿನಲ್ಲಿ ಕುಳಿತವನಿಗೆ ಗಾಡಿ ಶುರುಮಾಡುವುದೂ ಮರೆತಿತ್ತು. ತನ್ನಿಂದೇನಾದರೂ ತಪ್ಪಾಯಿತೇ ಎಂದು ನಾಗವ್ವ ಹಿಂದಿನಿಂದ ಕೇಳಿದಳು. ಇಲ್ಲವೆಂದ.

"ಹಂಗಾರ ಅಂಥಾದ್ದು ಇನ್ನೊಂದು ಕಲಿಸಿಕೊಡ್ರಿ. ಇದರ ಅರ್ಥ ನಮ್ಮ ಸೊಸಿಗೆ ಗೊತ್ತಾಗೇತಿ."

"ಕಲಿಸ್ತೀನಮ್ಮ," ಎಂದ ರಘೋತ್ತಮ. "ಇನ್ಮೇಲೆ ಪುರುಸೊತ್ತೇ ಪುರುಸೊತ್ತು."